ಸೇಂಟ್ ಡೇ ಹಳ್ಳಿಯಿಂದ ಕೆಜಿಎಫ್‌ವರೆಗೆ: ಒಂದು ಗಣಿ ಮನೆತನವನ್ನ ಹುಡುಕೋದು ಹೇಗೆ?

 

ಇವತ್ತು ಸ್ವಲ್ಪ ದೂರ ಹೋಗೋಣ. ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ, ಸಮುದ್ರದ ಒಳಕ್ಕೆ ಕಾಲು ಚಾಚಿದ ಹಾಗೆ ಇರೋ ಜಾಗ ಕಾರ್ನ್‌ವಾಲ್. ಅದೊಂದು ಕೌಂಟಿ, ನಮ್ಮ ಜಿಲ್ಲೆ ಇದ್ದ ಹಾಗೆ. ಅದರೊಳಗೆ ರೆಡ್ರುತ್ ಅನ್ನೋ ಊರಿನ ಹತ್ತಿರ ಸೇಂಟ್ ಡೇ ಅಂತ ಒಂದು ಹಳ್ಳಿ ಇದೆ. ಇವತ್ತು ಹೋದ್ರೆ ಹೊಲ, ಕಲ್ಲಿನ ಮನೆಗಳು, ಅಲ್ಲಲ್ಲಿ ಒಂಟಿಯಾಗಿ ನಿಂತಿರೋ ಎತ್ತರದ ಚಿಮಣಿಗಳು. ಆದರೆ ಇನ್ನೂರು ವರ್ಷದ ಹಿಂದೆ ಈ ಸುತ್ತಮುತ್ತಲಿನಷ್ಟು ತಾಮ್ರ ತೆಗೀತಿದ್ದ ಜಾಗ ಜಗತ್ತಿನಲ್ಲೇ ಕಡಿಮೆ.

ನಾನು ಅಲ್ಲಿಗೆ ಹೇಗೆ ಹೋದೆ? ಹೋಗಿಲ್ಲ, ಸುಳ್ಳು ಯಾಕೆ ಹೇಳ್ಲಿ. ಬೆಂಗಳೂರಲ್ಲಿ ಕೂತು ಫೋನಲ್ಲೇ ಹೋದೆ. ಕೆಜಿಎಫ್ ಬಗ್ಗೆ ಓದ್ತಾ ಇದ್ದೆ. ಕೆಜಿಎಫ್ ಅಂದ ತಕ್ಷಣ ನಿಮಗೆ ಯಶ್ ನೆನಪಾದ್ರೆ ತಪ್ಪೇನಿಲ್ಲ, ಆದರೆ ನಾನು ಹೇಳ್ತಿರೋದು ನಿಜವಾದ ಕೋಲಾರ ಚಿನ್ನದ ಗಣಿ. 1880ರಲ್ಲಿ ಅದರ ಆಡಳಿತ ವಹಿಸಿಕೊಂಡ ಕಂಪನಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ನಾನು ಬಿ.ಕಾಂ ಓದಿದವನು. ಕಂಪನಿ ಹೆಸರು ಕಂಡ್ರೆ ಸುಮ್ನಿರಕ್ಕಾಗಲ್ಲ, ಮಾಲೀಕ ಯಾರು, ಬಂಡವಾಳ ಎಲ್ಲಿಂದ ಬಂತು ಅಂತ ಕೆದಕೋ ಚಟ. ಹಾಗೆ ಕೆದಕಿದ್ರೆ, ಮೂಲ ಜಾನ್ ಟೇಲರ್ 1863ರಲ್ಲೇ ತೀರಿಕೊಂಡಿದ್ದಾನೆ, ಕೋಲಾರಕ್ಕೂ ಅವನಿಗೂ ಸಂಬಂಧವೇ ಇಲ್ಲ. ಅವನ ಮಕ್ಕಳ ಕಾಲದಲ್ಲಿ ಬೆಳೆದ ಸಂಸ್ಥೆ ಇದು. ಆದರೆ ಅವನು ಹೆಸರು ಮಾಡಿದ್ದು ಎಲ್ಲಿ ಗೊತ್ತಾ? 1819ರಲ್ಲಿ, ಕಾರ್ನ್‌ವಾಲ್‌ನ ಗ್ವೆನ್ನಪ್ ಅನ್ನೋ ಪ್ಯಾರಿಷ್‌ನಲ್ಲಿ, ಮುಚ್ಚಿಹೋಗಿದ್ದ ಕನ್ಸಾಲಿಡೇಟೆಡ್ ಮೈನ್ಸ್ ಅನ್ನೋ ತಾಮ್ರದ ಗಣಿಯನ್ನ ಮತ್ತೆ ತೆಗೆಸಿದ. ಪ್ಯಾರಿಷ್ ಅಂದ್ರೆ ಒಂದು ಚರ್ಚಿಗೆ ಸೇರಿದ ಊರುಗಳ ಗುಂಪು, ನಮ್ಮ ಹೋಬಳಿ ಅಂದ್ಕೊಳ್ಳಿ. ಸೇಂಟ್ ಡೇ ಆಗ ಅದೇ ಗ್ವೆನ್ನಪ್‌ಗೆ ಸೇರಿದ್ದ ಹಳ್ಳಿ.

ಅಂದ್ರೆ ನಮ್ಮ ಕೋಲಾರದ ಗಣಿಗೆ ಒಂದು ದೊಡ್ಡಮ್ಮನ ಮನೆ ಇದೆ, ಅದು ಇಲ್ಲಿದೆ.

ಸರಿ, ಈ ಹಳ್ಳಿಯ ಒಂದು ಗಣಿ ಕುಟುಂಬವನ್ನ ಇವತ್ತು ಹುಡುಕಬೇಕು ಅಂದ್ರೆ ಎಲ್ಲಿಂದ ಶುರು ಮಾಡೋದು? ಒಂದು ಮನೆ ಇದೆ ಅಂತ ಇಟ್ಕೊಳ್ಳಿ. ಗಂಡನ ಹೆಸರು ವಿಲಿಯಂ, ಹೆಂಡತಿ ಗ್ರೇಸ್. ಇವರು ನಾನು ಕಲ್ಪಿಸಿಕೊಂಡವರು. ಆದರೆ ಅವರ ಮೇಲೆ ಹೇಳೋ ದಾಖಲೆಗಳೆಲ್ಲ ನಿಜ. ಇಂಥ ನೂರಾರು ಮನೆಗಳ ಕಥೆ ಹೀಗೇ ಸಿಗೋದು, ಹೀಗೇ ತಪ್ಪಿಹೋಗೋದು.

ಮೊದಲ ತಲೆನೋವು ಹೆಸರು. ಕಾರ್ನ್‌ವಾಲ್‌ನ ಮನೆತನದ ಹೆಸರುಗಳು ತುಂಬಾ ಜಾಗದ ಹೆಸರುಗಳೇ. ಟ್ರೆ, ಪೊಲ್, ಪೆನ್ ಅಂತ ಶುರುವಾಗ್ತವೆ. ಟ್ರೆ ಅಂದ್ರೆ ಹಳೇ ಕಾರ್ನಿಷ್ ಭಾಷೆಯಲ್ಲಿ ಊರು, ಮನೆ. ಪೊಲ್ ಅಂದ್ರೆ ಕೊಳ. ಪೆನ್ ಅಂದ್ರೆ ತುದಿ, ತಲೆ. ಉಗಿಬಂಡಿ ಓಡಿಸಿದ ರಿಚರ್ಡ್ ಟ್ರೆವಿಥಿಕ್ ಇದ್ದಾನಲ್ಲ, ಅವನು ಇದೇ ಸೀಮೆಯವನು, ಗಣಿ ಕ್ಯಾಪ್ಟನ್ನನ ಮಗ. ನಾವು ಹೆಸರಿನ ಮುಂದೆ ಊರಿನ ಇನಿಷಿಯಲ್ ಹಾಕ್ಕೊಳ್ತೀವಲ್ಲ, ಅದರ ಅಣ್ಣ ಇದ್ದ ಹಾಗೆ. ಕಷ್ಟ ಏನಪ್ಪಾ ಅಂದ್ರೆ ಒಂದೇ ಪ್ಯಾರಿಷ್‌ನಲ್ಲಿ ಅದೇ ಮನೆತನದ ಹೆಸರು, ಅದೇ ವಿಲಿಯಂ, ಅದೇ ಜಾನ್, ಬೀದಿಗೆ ನಾಲ್ಕು ಜನ. ಅದರ ಮೇಲೆ, ಒಂದು ಮಗು ತೀರಿಹೋದ್ರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರು ಇಡೋ ರೂಢಿ. ನೀವು 1832ರ ವಿಲಿಯಂನನ್ನ ಹಿಡ್ಕೊಂಡು ಇಡೀ ವಂಶವೃಕ್ಷ ಬರೆದಿರ್ತೀರ. ಅವನು ಒಂದೂವರೆ ವರ್ಷಕ್ಕೇ ಮಣ್ಣಾಗಿರ್ತಾನೆ. ಅದಕ್ಕೇ ಅನುಭವಸ್ಥರು ಹೇಳೋದು: ಹುಟ್ಟು ಸಿಕ್ಕ ಕೂಡಲೇ ಕುಣೀಬೇಡಿ, ಮೊದಲು ಸಮಾಧಿ ಪುಸ್ತಕ ನೋಡಿ.

ಆ ಪುಸ್ತಕಗಳು ಇರೋದು ಚರ್ಚಿನದ್ದು. ಇಂಗ್ಲೆಂಡಿನಲ್ಲಿ 1538ರಲ್ಲಿ ಪ್ರತಿ ಪ್ಯಾರಿಷ್ ಬ್ಯಾಪ್ಟಿಸಂ, ಮದುವೆ, ಸಮಾಧಿ ಬರೆದಿಡಬೇಕು ಅಂತ ಆಜ್ಞೆ ಆಯ್ತು. 1813ರಿಂದ ಬ್ಯಾಪ್ಟಿಸಂಗೆ ಅಚ್ಚಾದ ಫಾರಂ ಬಂತು, ಅದರಲ್ಲಿ ಅಪ್ಪನ ಕೆಲಸಕ್ಕೆ ಒಂದು ಕಾಲಂ. ಅಪ್ಪನ ಕೆಲಸಕ್ಕೆ ಮಾತ್ರ. ಈ ಕಾಲಂ ನೆನಪಿಟ್ಕೊಳ್ಳಿ, ಮತ್ತೆ ಬರ್ತೀನಿ. ಇನ್ನೊಂದು ಎಡವಟ್ಟು: ಸೇಂಟ್ ಡೇನಲ್ಲಿ ಚರ್ಚು ಕಟ್ಟಿದ್ದು 1828ರಲ್ಲಿ. ಅದಕ್ಕೆ ಮುಂಚಿನವರನ್ನ ಸೇಂಟ್ ಡೇ ಹೆಸರಲ್ಲಿ ಹುಡುಕಿದ್ರೆ ಸಿಗಲ್ಲ, ಗ್ವೆನ್ನಪ್ ಪುಸ್ತಕ ತೆಗೀಬೇಕು. ಆ 1828ರ ಚರ್ಚಿಗೆ ಈಗ ಛಾವಣಿ ಇಲ್ಲ, ಗೋಡೆ ಮಾತ್ರ ನಿಂತಿದೆ.

ಅಷ್ಟಾದರೂ ಎಲ್ಲರೂ ಸಿಗಲ್ಲ, ಯಾಕಂದ್ರೆ ಗಣಿಯವರಲ್ಲಿ ಬಹಳ ಜನ ಮೆಥಡಿಸ್ಟರು. ಗ್ವೆನ್ನಪ್ ಪಿಟ್ ಅಂತ ಒಂದು ದೊಡ್ಡ ಗುಂಡಿ ಇದೆ. ಕೆಳಗೆ ಗಣಿ ತೋಡಿದ್ದಕ್ಕೆ ನೆಲ ಕುಸಿದು ಆದದ್ದು ಅಂತಾರೆ. ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ 1762ರಿಂದ 1789ರವರೆಗೆ ಅಲ್ಲಿ 18 ಸಲ ಉಪದೇಶ ಮಾಡಿದ. ಆಮೇಲೆ 1806ರಲ್ಲಿ ಜನ ಅದಕ್ಕೆ ವೃತ್ತಾಕಾರದ ಮೆಟ್ಟಿಲು ಮಾಡಿದ್ರು, ಇವತ್ತಿಗೂ ಇದೆ. ಮೆಥಡಿಸ್ಟ್ ಮಕ್ಕಳ ಬ್ಯಾಪ್ಟಿಸಂ ಪ್ಯಾರಿಷ್ ಪುಸ್ತಕದಲ್ಲಿ ಇರದೆ ಅವರ ಪಂಗಡದ ರಿಜಿಸ್ಟರ್‌ನಲ್ಲಿ ಇರಬಹುದು. 1837ಕ್ಕೆ ಮುಂಚಿನ ಅಂಥ ಎಷ್ಟೋ ರಿಜಿಸ್ಟರ್‌ಗಳು ಈಗ ಲಂಡನ್ನಿನ ಕ್ಯೂನಲ್ಲಿರೋ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಗ್ರೇಸ್ ಸಿಗಲಿಲ್ಲ ಅಂದ್ರೆ ಗ್ರೇಸ್ ಇರಲಿಲ್ಲ ಅಂತಲ್ಲ, ನೀವು ತಪ್ಪು ದೇವರ ಪುಸ್ತಕ ತೆಗೆದಿದ್ದೀರ ಅಂತ.

1837ರ ಜುಲೈ 1ರಿಂದ ಸರ್ಕಾರವೇ ಹುಟ್ಟು, ಮದುವೆ, ಸಾವು ನೋಂದಾಯಿಸೋಕೆ ಶುರು ಮಾಡ್ತು. ಆಮೇಲೆ ಬರೋದು ಸೆನ್ಸಸ್. 1841ರ ಜನಗಣತಿಯಲ್ಲಿ ದೊಡ್ಡವರ ವಯಸ್ಸನ್ನ ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. 37 ವರ್ಷದ ವಿಲಿಯಂ ಅಲ್ಲಿ 35 ಆಗಿರ್ತಾನೆ. ಯಾರು ಯಾರಿಗೆ ಏನಾಗಬೇಕು ಅನ್ನೋದೂ ಇಲ್ಲ. ಒಂದೇ ಮನೇಲಿ ಇರೋ ಹೆಂಗಸು ಹೆಂಡತಿಯೋ ತಂಗಿಯೋ ನೀವೇ ಊಹಿಸ್ಬೇಕು. 1851ರಿಂದ ಸಂಬಂಧ, ವಯಸ್ಸು, ಹುಟ್ಟಿದ ಪ್ಯಾರಿಷ್ ಎಲ್ಲಾ ಬರುತ್ತೆ. ನಿಜವಾದ ಹುಡುಕಾಟ ಅಲ್ಲಿಂದ ಸುಲಭ.

ಇಲ್ಲಿ ಒಂದು ನಿಮಿಷ ನನ್ನ ಬಿ.ಕಾಂ ಬುದ್ಧಿಗೆ ಜಾಗ ಕೊಡಿ. ಸೆನ್ಸಸ್‌ನಲ್ಲಿ ವಿಲಿಯಂ ಮುಂದೆ 'ತಾಮ್ರದ ಗಣಿ ಕೆಲಸಗಾರ' ಅಂತ ಅಷ್ಟೇ ಇರುತ್ತೆ. ಆದರೆ ಗಣಿಯಲ್ಲಿ ಎಲ್ಲರ ದುಡಿಮೆ ಒಂದೇ ಥರ ಇರಲಿಲ್ಲ. ಟಟ್‌ವರ್ಕ್ ಮಾಡೋರಿಗೆ ಇಷ್ಟು ಉದ್ದ ಕೊರೆದ್ರೆ ಇಷ್ಟು ಅಂತ ಕೂಲಿ. ಟ್ರಿಬ್ಯೂಟರ್ ಅನ್ನೋರ ವ್ಯವಹಾರ ಬೇರೆ. ನಿಗದಿಯಾದ ದಿನ ಗಣಿ ಕ್ಯಾಪ್ಟನ್ ಎಲ್ಲರ ಮುಂದೆ ಒಂದೊಂದು ಜಾಗದ ಹೆಸರು ಕೂಗ್ತಾನೆ. ಅಲ್ಲಿಂದ ತೆಗೆದ ಅದಿರು ಮಾರಿದ್ರೆ ಪ್ರತಿ ಪೌಂಡಿಗೆ ನಮಗೆ ಇಷ್ಟು ಶಿಲಿಂಗ್ ಸಾಕು ಅಂತ ಗುಂಪುಗಳು ಕೂಗ್ತವೆ. ಕಡಿಮೆ ಕೂಗಿದವರಿಗೆ ಜಾಗ. ನಮ್ಮ ಟೆಂಡರ್ ಥರಾನೇ. ಒಳ್ಳೇ ಅದಿರು ಸಿಕ್ರೆ ಕೈತುಂಬಾ ದುಡ್ಡು, ಬರೀ ಕಲ್ಲು ಸಿಕ್ರೆ ಎರಡು ತಿಂಗಳ ಬೆವರು ನೀರುಪಾಲು. ಮೇಣದಬತ್ತಿ, ಸಿಡಿಮದ್ದಿನ ಖರ್ಚು ಇವರದ್ದೇ. ಮನೆ ನಡೆಸೋಕೆ ಮುಂಗಡ ತಗೊಂಡಿದ್ರೆ ಅದೂ ಮುರ್ಕೊಳ್ತಾರೆ. ಕ್ಯಾಪ್ಟನ್ ಅಂದ್ರೆ ಮಿಲಿಟರಿ ಅಲ್ಲ ಮತ್ತೆ, ಗಣಿಯ ಮೇಲ್ವಿಚಾರಕ. ಕೆಜಿಎಫ್‌ಗೂ ಆ ಪದ ಬಂತು.

ಹೂಡಿಕೆದಾರರ ಕಡೆ ಲೆಕ್ಕ ಇನ್ನೂ ಮಜಾ. ಕಾಸ್ಟ್ ಬುಕ್ ಪದ್ಧತಿ ಅಂತ. ಗಣಿಗೆ ಒಂದೇ ಪುಸ್ತಕ. ಎರಡು ಮೂರು ತಿಂಗಳಿಗೊಮ್ಮೆ ಷೇರುದಾರರೆಲ್ಲ ಸೇರಿ ಲೆಕ್ಕ ಓದಿಸ್ಕೊಂಡು, ಲಾಭ ಇದ್ರೆ ಅಲ್ಲೇ ಹಂಚ್ಕೊಂಡು, ನಷ್ಟ ಇದ್ರೆ ಅಲ್ಲೇ ಜೇಬಿಂದ ಹಾಕಿ, ಊಟ ಮಾಡಿ ಏಳ್ತಿದ್ರು. ನಮ್ಮ ಮೇಷ್ಟ್ರು ರಿಸರ್ವ್ ಫಂಡ್ ಬಗ್ಗೆ ಎರಡು ಪೀರಿಯಡ್ ಪಾಠ ಮಾಡಿದ್ರು, ಈ ಜನ ಅದನ್ನ ಇಟ್ಕೊಳ್ತಾನೇ ಇರಲಿಲ್ಲ. ವಂಶ ಹುಡುಕೋರಿಗೆ ಇದು ಯಾಕೆ ಮುಖ್ಯ ಅಂದ್ರೆ, ಖರ್ಚಿನ ಕಡೆ ಕೆಲಸಗಾರರ ಹೆಸರು ಬರುತ್ತೆ. ಯಾವ ತಿಂಗಳು ಎಷ್ಟು ಸಿಕ್ತು ಅಂತ. ಬ್ಯಾಪ್ಟಿಸಂ ಪುಸ್ತಕ ವಿಲಿಯಂ ಹುಟ್ಟಿದ್ದ ಅಂತ ಹೇಳಿದ್ರೆ, ಕಾಸ್ಟ್ ಬುಕ್ ಆ ತಿಂಗಳು ಅವನ ಮನೇಲಿ ಒಲೆ ಹೇಗೆ ಉರೀತು ಅಂತ ಹೇಳುತ್ತೆ. ಗಣಿ ಮುಚ್ಚಿದಾಗ ಎಷ್ಟೋ ಪುಸ್ತಕ ಹಾಳಾದವು. ಉಳಿದ ಕಾಗದಪತ್ರಗಳು ರೆಡ್ರುತ್‌ನಲ್ಲಿರೋ ಕ್ರೆಸೆನ್ ಕೆರ್ನೊ ಅನ್ನೋ ದಾಖಲೆ ಕೇಂದ್ರದಲ್ಲಿವೆ. ಹಳೇ ಬಿಯರ್ ಕಾರ್ಖಾನೆಯ ಕಟ್ಟಡವನ್ನ ಸರಿಮಾಡಿ 2019ರಲ್ಲಿ ತೆರೆದದ್ದು.

ಈಗ ಆ ಕಾಲಂಗೆ ವಾಪಸ್ ಬರ್ತೀನಿ. ಗ್ರೇಸ್ ಏನು ಮಾಡ್ತಿದ್ಲು?

ಮದುವೆಗೆ ಮುಂಚೆ ಅವಳು ಬಹುಶಃ ಬಾಲ್ ಮೇಡನ್. ಬಾಲ್ ಅಂದ್ರೆ ಕಾರ್ನಿಷ್ ಭಾಷೆಯಲ್ಲಿ ಗಣಿ. ಕಾರ್ನ್‌ವಾಲ್‌ನಲ್ಲಿ ಹೆಂಗಸರು ಗಣಿಯ ಒಳಕ್ಕೆ ಇಳೀತಿರಲಿಲ್ಲ. ಮೇಲೆ ಬಂದ ಅದಿರನ್ನ ಒಡೆಯೋದು, ಬೇರ್ಪಡಿಸೋದು ಅವರ ಕೆಲಸ. ಮೊದಲು ದೊಡ್ಡ ಸುತ್ತಿಗೆಯಲ್ಲಿ ಬಂಡೆ ಒಡೀಬೇಕು, ಆಮೇಲೆ ಸಣ್ಣ ಸುತ್ತಿಗೆಯಲ್ಲಿ ಒಳ್ಳೇ ಚೂರು ಬೇರೆ ಮಾಡ್ಬೇಕು, ಕೊನೆಗೆ ಕಬ್ಬಿಣದ ತಟ್ಟೆ ಮೇಲೆ ಪುಡಿ ಮಾಡ್ಬೇಕು. ಮುಖಕ್ಕೆ ಬಿಸಿಲು, ಕಲ್ಲಿನ ಚೂರು ತಾಗದ ಹಾಗೆ ದೊಡ್ಡ ಬಟ್ಟೆ ಬಾನೆಟ್. ಹತ್ತು ವರ್ಷ ತುಂಬದ ಹುಡುಗೀರೂ ಇದ್ರು. 1842ರಲ್ಲಿ ಮಕ್ಕಳ ದುಡಿಮೆ ಬಗ್ಗೆ ಸರ್ಕಾರದ ಆಯೋಗದ ವರದಿ ಅಚ್ಚಾಯ್ತು. ಕಾರ್ನ್‌ವಾಲ್‌ಗೆ ಹೋದವರು ಡಾಕ್ಟರ್ ಚಾರ್ಲ್ಸ್ ಬಾರಮ್. ಅವರು ಹುಡುಗ ಹುಡುಗೀರನ್ನ ನಿಲ್ಲಿಸಿ ಎಷ್ಟು ಹೊತ್ತಿಗೆ ಬರ್ತೀಯ, ಏನು ತಿಂತೀಯ, ಎಲ್ಲಿ ನೋವು ಅಂತ ಕೇಳಿದ್ದಾರೆ. ಉತ್ತರಗಳು ಹೆಸರು, ವಯಸ್ಸಿನ ಜೊತೆ ಅಚ್ಚಾಗಿವೆ. ತಮ್ಮ ಮುತ್ತಜ್ಜಿಯ ಅಜ್ಜಿ ಅಲ್ಲಿ ಮಾತಾಡಿರೋದು ಕಂಡು ಅತ್ತುಬಿಡೋ ಓದುಗರು ಇದ್ರೆ ನನಗೆ ಆಶ್ಚರ್ಯ ಇಲ್ಲ.

ಸೆನ್ಸಸ್‌ನಲ್ಲಿ ಹದಿನಾರು ವರ್ಷದ ಹುಡುಗಿ ಮುಂದೆ 'ತಾಮ್ರದ ಗಣಿಯಲ್ಲಿ ಕೆಲಸ' ಅಂತ ಬರೆದಿರ್ತಾರೆ. ಹತ್ತು ವರ್ಷ ಬಿಟ್ಟು ನೋಡಿ. ಅವಳು ಈಗ ಗ್ರೇಸ್, ವಿಲಿಯಂನ ಹೆಂಡತಿ, ನಾಲ್ಕು ಮಕ್ಕಳು. ಉದ್ಯೋಗದ ಕಾಲಂ ಎಷ್ಟೋ ಸಲ ಖಾಲಿ. ಬಾಡಿಗೆಗೆ ಇಬ್ಬರು ಗಂಡಾಳುಗಳನ್ನ ಇಟ್ಕೊಂಡು ಅವರಿಗೆ ಅಡುಗೆ ಮಾಡ್ತಿದ್ದಾಳೆ ಅಂತ ಗೊತ್ತಾಗೋದು ಕೆಳಗೆ 'ಲಾಡ್ಜರ್' ಅಂತ ಎರಡು ಹೆಸರು ಇರೋದ್ರಿಂದ. ಲೆಕ್ಕದಲ್ಲಿ ಆದಾಯ ಇದೆ, ಆದರೆ ದುಡಿದವರ ಹೆಸರಲ್ಲಿ ಇಲ್ಲ. ಆಡಿಟರ್ ಆಗಿದ್ರೆ ನಾನು ಪ್ರಶ್ನೆ ಹಾಕ್ತಿದ್ದೆ.

1866ರಲ್ಲಿ ಎಲ್ಲಾ ಕುಸೀತು. ಚಿಲಿ ಮುಂತಾದ ಕಡೆಯಿಂದ ಅಗ್ಗದ ತಾಮ್ರ ಬರ್ತಿತ್ತು, ಬೆಲೆ ಬಿದ್ದಿತ್ತು. ಆ ಮೇ ತಿಂಗಳಲ್ಲಿ ಲಂಡನ್ನಿನ ಓವರೆಂಡ್ ಗರ್ನಿ ಅನ್ನೋ ಹಣಕಾಸು ಸಂಸ್ಥೆ ಮುಳುಗಿ ಸಾಲ ಸಿಗೋದೂ ನಿಂತುಹೋಯ್ತು. ಗ್ವೆನ್ನಪ್ ಸೀಮೆಯ ಗಣಿಗಳು ಒಂದೊಂದೇ ನೀರು ತುಂಬ್ಕೊಂಡು ಮುಚ್ಚಿದವು. ಜನ ಹೊರಟರು. 1815ರಿಂದ 1915ರ ನೂರು ವರ್ಷದಲ್ಲಿ ಕಾರ್ನ್‌ವಾಲ್ ಬಿಟ್ಟು ಹೊರದೇಶಕ್ಕೆ ಹೋದವರು ಎರಡೂವರೆ ಲಕ್ಷ ಅಥವಾ ಅದಕ್ಕೂ ಹೆಚ್ಚು ಅಂತ ಅಂದಾಜು. ದಕ್ಷಿಣ ಆಸ್ಟ್ರೇಲಿಯಾದ ಮೂಂಟಾ, ಅಮೆರಿಕದ ಮಿಷಿಗನ್, ದಕ್ಷಿಣ ಆಫ್ರಿಕಾ, ಮೆಕ್ಸಿಕೋದ ಪಚೂಕಾ. ಪಚೂಕಾದಲ್ಲಿ ಇವತ್ತಿಗೂ 'ಪಾಸ್ತೆ' ಅಂತ ಒಂದು ತಿಂಡಿ ಮಾರ್ತಾರೆ, ಕಾರ್ನ್‌ವಾಲ್‌ನ ಗಣಿಯವರು ಕಟ್ಕೊಂಡು ಹೋಗ್ತಿದ್ದ ಪೇಸ್ಟಿಯೇ ಅದು, ಒಳಗೆ ಮೆಣಸಿನಕಾಯಿ ಸೇರಿದೆ ಅಷ್ಟೇ.

ವಂಶ ಹುಡುಕೋರು ಮುಗ್ಗರಿಸೋದು ಇಲ್ಲೇ. 1871ರ ಸೆನ್ಸಸ್‌ನಲ್ಲಿ ಗ್ರೇಸ್ ಮನೆಯ ಯಜಮಾನಿ. ಪಕ್ಕದಲ್ಲಿ 'ವಿವಾಹಿತೆ' ಅಂತಿದೆ, ವಿಧವೆ ಅಂತಿಲ್ಲ. ವಿಲಿಯಂ ಎಲ್ಲೂ ಇಲ್ಲ. ಕೆಲವು ಕಡೆ ಎಣಿಸೋಕೆ ಬಂದವನು ಪಾಪ 'ಗಂಡ ಹೊರದೇಶದಲ್ಲಿ' ಅಂತ ಒಂದು ಮಾತು ಬರೆದಿರ್ತಾನೆ. ಇಂಗ್ಲೆಂಡಿನಿಂದ ಹೊರಟ ಹಡಗುಗಳ ಪ್ರಯಾಣಿಕರ ಪಟ್ಟಿ ವ್ಯವಸ್ಥಿತವಾಗಿ ಉಳಿದಿರೋದು 1890ರಿಂದ. ಅಂದ್ರೆ ಜನ ಅತಿ ಹೆಚ್ಚು ಹೊರಟ ವರ್ಷಗಳಲ್ಲೇ ದಾಖಲೆ ಇಲ್ಲ. ಆಗ ಪತ್ರಿಕೆ ನೋಡ್ಬೇಕು. 1810ರಲ್ಲಿ ಶುರುವಾದ ವೆಸ್ಟ್ ಬ್ರಿಟನ್, 1878ರ ಕಾರ್ನಿಷ್‌ಮನ್, ಇವುಗಳಲ್ಲಿ ಎಲ್ಲೆಲ್ಲೋ ತೀರಿಕೊಂಡವರ ಸುದ್ದಿ ಬರ್ತಿತ್ತು. ಇಲ್ಲಾಂದ್ರೆ ಸಮಾಧಿ ಕಲ್ಲು. ಕಾರ್ನ್‌ವಾಲ್‌ನ ಸ್ಮಶಾನಗಳಲ್ಲಿ ಹೆಂಡತಿಯ ಕಲ್ಲಿನ ಮೇಲೆ ಗಂಡನ ಹೆಸರೂ ಇರುತ್ತೆ, ಆದರೆ ಅವನು ಅಲ್ಲಿ ಇಲ್ಲ, ಭೂಮಿಯ ಇನ್ಯಾವುದೋ ಮೂಲೆಯಲ್ಲಿ ಸತ್ತ ಅಂತ ಕೆತ್ತಿರ್ತಾರೆ.

ಹಾಗೆ ಕೆತ್ತಿದ ಊರುಗಳ ಸಾಲಿಗೆ 1880ರ ನಂತರ ಸೇರಿದ್ದು ಕೋಲಾರ. ಲಾವೆಲ್ ಅನ್ನೋ ಸೈನಿಕ ಮೈಸೂರು ಸರ್ಕಾರದಿಂದ ಚಿನ್ನ ಹುಡುಕೋ ಹಕ್ಕು ಪಡೆದದ್ದು 1875ರಲ್ಲಿ. ದುಡ್ಡು ಹಾಕಿದವರು ಕೈಸುಟ್ಕೊಂಡು ಮುಚ್ಚೋ ಹಂತಕ್ಕೆ ಬಂದಾಗ ಟೇಲರ್ ಕಂಪನಿಯ ಕ್ಯಾಪ್ಟನ್ ಪ್ಲಮ್ಮರ್ ಹಳೇ ಕಾಲದ ಗುಂಡಿಗಳ ಕೆಳಗೆ ಒಳ್ಳೇ ಅದಿರಿನ ಪಟ್ಟಿ ಕಂಡುಹಿಡಿದ. ಆಮೇಲೆ ಮೇಲ್ವಿಚಾರಣೆಗೆ ಅಂತ ಕಾರ್ನ್‌ವಾಲ್‌ನ ಗಣಿಯವರು ಬಂದ್ರು. ಇಲ್ಲಿ ಅವರಿಗೆ ಮಕ್ಕಳು ಹುಟ್ಟಿದ್ರೆ, ಇಲ್ಲೇ ಸತ್ತರೆ, ಚರ್ಚಿನ ದಾಖಲೆಯ ನಕಲು ಲಂಡನ್ನಿಗೆ ಹೋಗ್ತಿತ್ತು. ಎಲ್ಲಾ ಪಂಗಡದ್ದೂ ಅಲ್ಲ, ಆದರೆ ತುಂಬಾ. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ರೆಕಾರ್ಡ್ಸ್‌ನಲ್ಲಿವೆ. ಫಿಬಿಸ್ ಅನ್ನೋ ಸಂಘದವರು ಅದರ ಸೂಚಿಗಳನ್ನ ಉಚಿತವಾಗಿ ಆನ್‌ಲೈನ್ ಹಾಕಿದ್ದಾರೆ. ಕಾರ್ನ್‌ವಾಲ್ ಕಡೆಯಿಂದ ಆನ್‌ಲೈನ್ ಪ್ಯಾರಿಷ್ ಕ್ಲರ್ಕ್ಸ್ ಅನ್ನೋ ಸ್ವಯಂಸೇವಕರು ಹಳೇ ಪುಸ್ತಕಗಳನ್ನ ಸಾಲು ಸಾಲಾಗಿ ಟೈಪ್ ಮಾಡಿಟ್ಟಿದ್ದಾರೆ, ಅದೂ ಪುಕ್ಕಟೆ. ಅಂದ್ರೆ ಗ್ವೆನ್ನಪ್‌ನಲ್ಲಿ ಹುಟ್ಟಿ ಕೆಜಿಎಫ್‌ನಲ್ಲಿ ಸತ್ತ ಒಬ್ಬನನ್ನ ನೀವು ಮಾರಿಕುಪ್ಪಂ ಟ್ರೈನಲ್ಲಿ ಕೂತು ಹುಡುಕಬಹುದು.

ಈಗ ನನಗೆ ನಿದ್ದೆ ಕೆಡಿಸಿದ ವಿಷಯಕ್ಕೆ ಬರ್ತೀನಿ. ಅದೇ ಟ್ರೈನಲ್ಲಿ ದಿನಾ ಓಡಾಡೋ ನನ್ನ ಒಬ್ಬ ಗೆಳೆಯ ಇದ್ದಾನೆ. ಕೆಜಿಎಫ್‌ನವನು. ಮುತ್ತಾತ, ತಾತ ಇಬ್ಬರೂ ಚಾಂಪಿಯನ್ ರೀಫ್‌ನಲ್ಲಿ ಒಳಗೆ ಕೆಲಸ ಮಾಡಿದವರು. ನಾನು ಇದನ್ನೆಲ್ಲ ಉತ್ಸಾಹದಿಂದ ಹೇಳ್ತಾ ಇದ್ರೆ ಅವನು ಕೇಳಿದ: "ಮಗಾ, ನಮ್ಮ ಮುತ್ತಾತನ್ನ ಹುಡುಕು ನೋಡೋಣ."

ಹುಡುಕೋಕೆ ಕೂತೆ. ಶಾಫ್ಟ್ ಒಂದೇ, ಕಂಪನಿ ಒಂದೇ, ಶಿಫ್ಟ್ ಒಂದೇ. ಸಿಕ್ಕಿದ್ದು ಸೊನ್ನೆ. ಬ್ರಿಟನ್ನಿನಲ್ಲಿ ನೂರು ವರ್ಷ ಆದಮೇಲೆ ಸೆನ್ಸಸ್ ಹಾಳೆಗಳನ್ನ ಹೆಸರು ಸಮೇತ ಬಿಡುಗಡೆ ಮಾಡ್ತಾರೆ. 1921ರದ್ದು 2022ರಲ್ಲಿ ಬಂತು. 1931ರದ್ದು ಬೆಂಕಿಗೆ ಹೋಯ್ತು, 1941ರಲ್ಲಿ ಯುದ್ಧದಿಂದ ಎಣಿಕೆಯೇ ಆಗಲಿಲ್ಲ, ಅಂದ್ರೆ ಅವರಿಗೂ ಕತ್ತಲೆ ಇದೆ. ಆದರೆ ನಮ್ಮಲ್ಲಿ ಮನೆ ಮನೆಯ ಹಾಳೆಗಳನ್ನ ಯಾರೂ ನೋಡುವ ಹಾಗೇ ಇಲ್ಲ, 1948ರ ಸೆನ್ಸಸ್ ಕಾಯ್ದೆಯಲ್ಲೇ ಹಾಗಿದೆ. ನಮಗೆ ಸಿಗೋದು ಮೊತ್ತ ಮಾತ್ರ: ಇಷ್ಟು ಸಾವಿರ ಜನ, ಇಷ್ಟು ಮನೆ. ಉತ್ತರ ಆರ್ಕಾಟ್ ಕಡೆಯಿಂದ ಗುಂಪು ಗುಂಪಾಗಿ ಬಂದ ತಮಿಳು ಕೂಲಿಗಳು ಆ ಮೊತ್ತದೊಳಗೆ ಇದ್ದಾರೆ, ಹೆಸರಿಲ್ಲದೆ. ಗ್ರೇಸ್‌ಗೆ ಒಂದು ಕಾಲಂ ಖಾಲಿ ಇತ್ತು. ಇವರಿಗೆ ಇಡೀ ಸಾಲೇ ಖಾಲಿ.

ಕಂಪನಿ ಇವರನ್ನ ಹೆಸರು ಹಿಡಿದು ದಾಖಲಿಸೋಕೆ ಹೊರಟದ್ದು ಇಲ್ಲ ಅಂತಲ್ಲ. ಆದರೆ ಯಾಕೆ ಅಂತ ನೋಡಿ. ಚಿನ್ನ ಕದೀತಾರೆ ಅನ್ನೋ ಅನುಮಾನಕ್ಕೆ, ಒಂದು ಗಣಿ ಬಿಟ್ಟು ಇನ್ನೊಂದಕ್ಕೆ ಹೋಗದ ಹಾಗೆ ಹಿಡಿದಿಡೋಕೆ. ಬೆರಳಚ್ಚು ತೆಗೆದು ನೋಂದಾಯಿಸೋ ಪದ್ಧತಿ ತಂದಾಗ 1930ರಲ್ಲಿ ಕೆಜಿಎಫ್‌ನಲ್ಲಿ ದೊಡ್ಡ ಮುಷ್ಕರ ಆಯ್ತು. ಹೆಬ್ಬೆಟ್ಟು ಒತ್ತಲ್ಲ ಅಂತ ಸಾವಿರಾರು ಜನ ಕೆಲಸ ನಿಲ್ಲಿಸಿದ್ರು. ದಾಖಲೆ ಅಂದ್ರೆ ಒಬ್ಬರಿಗೆ ಮನೆತನ, ಇನ್ನೊಬ್ಬರಿಗೆ ಪೊಲೀಸ್ ಫೈಲು. ನಾನು ಅವರ ಜಾಗದಲ್ಲಿದ್ರೂ ಒತ್ತುತ್ತಿರಲಿಲ್ಲ. ಆದರೆ ಇವತ್ತು ಗೆಳೆಯನ ಪಕ್ಕ ಕೂತಾಗ, ಒಂದಾದರೂ ಹಾಳೆ ಇದ್ದಿದ್ರೆ ಅಂತ ಅನ್ಸಿದ್ದೂ ನಿಜ.

ಹೋದ ತಿಂಗಳು ಇಬ್ಬರೂ ಅವನ ತಾತನ ಹತ್ರ ಹೋದ್ವಿ. ಎಂಬತ್ತು ದಾಟಿದ್ದಾರೆ, ಲೈನ್ ಮನೇಲೇ ಇದ್ದಾರೆ. ಅವರ ಹತ್ರ ಇದ್ದ ಕಾಗದ ಅಂದ್ರೆ ಒಂದು ತಗಡಿನ ಡಬ್ಬಿ: ಪಿಎಫ್ ಚೀಟಿ, ಒಂದು ಗ್ರೂಪ್ ಫೋಟೊ, ಮಕ್ಕಳ ಮಾರ್ಕ್ಸ್ ಕಾರ್ಡು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದ್ದನ್ನ ಅವರು ತಾರೀಕು ಸಮೇತ ಹೇಳಿದ್ರು. ನಾನು ಫೋನ್ ಇಟ್ಟು ರೆಕಾರ್ಡ್ ಒತ್ತಿದೆ. ಅರ್ಧ ಗಂಟೆ ಶಾಫ್ಟ್, ಕೇಜ್, ಒಳಗಿನ ಸೆಕೆ, ಬಂಡೆ ಸಿಡಿಯೋ ಸದ್ದು ಇದರ ಬಗ್ಗೆ ತಮಿಳು ಕನ್ನಡ ಬೆರೆಸಿ ಮಾತಾಡಿದ್ರು. ಕೊನೇಲಿ ನಾನು, "ತಾತ, ನಿಮ್ಮಮ್ಮ ಏನ್ ಮಾಡ್ತಿದ್ರು?" ಅಂದೆ.

"ಏನೂ ಇಲ್ಲ, ಮನೇಲೇ ಇದ್ಲು" ಅಂದ್ರು. ಸ್ವಲ್ಪ ಹೊತ್ತು ಸುಮ್ನಿದ್ದು, "ಬೆಳಗಿನ ಶಿಫ್ಟಿಗೆ ಹೋಗೋರಿಗೆ ಇಡ್ಲಿ ಮಾಡಿ ಮಾರ್ತಿದ್ಲು. ರಾತ್ರಿ ಎರಡಕ್ಕೇ ಏಳ್ತಿದ್ಲು" ಅಂದ್ರು. ಆಮೇಲೆ ಅವರಮ್ಮನ ಹೆಸರು ಹೇಳಿ, ನನ್ನ ಕೈಯಲ್ಲಿದ್ದ ಪುಸ್ತಕ ನೋಡ್ತಾ ಕೇಳಿದ್ರು: "ಬರ್ಕೊಂಡ್ಯಾ ಕಣ್ಣಾ?"

ಬರ್ಕೊಂಡೆ. ಉದ್ಯೋಗದ ಮುಂದೆ ಇಡ್ಲಿ ವ್ಯಾಪಾರ ಅಂತ ಹಾಕಿದೆ. ಆ ರೆಕಾರ್ಡಿಂಗ್ ಅವರ ಮನೆಯವರ ಹತ್ರ ಇದೆ, ಒಂದು ಕಾಪಿ ನನ್ನ ಹತ್ರ ಇದೆ. ಮುಂದಿನ ಭಾನುವಾರ ಮತ್ತೆ ಹೋಗ್ತಿದ್ದೀವಿ, ಪಕ್ಕದ ಮನೆಯ ಅಜ್ಜಿಯೂ ಮಾತಾಡ್ತೀನಿ ಅಂದಿದ್ದಾರೆ.